ಆಳದ ಹವಳಕ್ಕೆ ತನಿ

ಹೊಳೆನರಸೀಪುರದಿಂದ ಕಟ್ಟಾಯದ ಶಾಲೆಗೆ ದಿನಾ ಬಸ್ಸಿನಲ್ಲಿ ಬರುವ ವಿಜ್ಞಾನದ ಮೇಷ್ಟ್ರು ಪಟ್ಟಾಭಿರಾಮರಿಗೆ ಸಮುದ್ರದ ಹುಚ್ಚು. ಅದೂ ಬಿಸಿಲೇ ಇಳಿಯದ ಆಳದಲ್ಲಿ ಬೆಳೆಯುವ ಹವಳದ ಹುಚ್ಚು. ‘ಕೂತಲ್ಲಿಂದ ಏಳಲಾಗದ ಜೀವಿ ಅದು. ಊಟವನ್ನು ನೀರಿನ ಹರಿವೇ ಬಾಯಿಗೆ ತಂದಿಡಬೇಕು. ಸತ್ತ ಹವಳದ ಸಂದಿಯಲ್ಲಿ ಹೂಳು ಸಿಕ್ಕಿ ದಿಬ್ಬ ಏಳುತ್ತದೆ. ದಿಬ್ಬ ಎದ್ದಷ್ಟೂ ನೆತ್ತಿಯ ಮೇಲೆ ಹರಿವು ಜೋರು, ಊಟವೂ ಜಾಸ್ತಿ’ ಎಂದು ವರ್ಷವರ್ಷವೂ ಹೇಳಿ ಅವರ ಗಂಟಲು ಒಣಗಿತ್ತು. ಮಕ್ಕಳು ಆಕಳಿಸಿದ್ದರು. ಹೆಡ್ಮಾಸ್ಟರಂತೂ, “ಎಲ್ಲರ ಹಾಗೆ ಜ್ವಾಲಾಮುಖಿ ಮಾಡಿಸಿ ಸಾರ್, ಸೋಡಾ ಹಾಕಿದ್ರೆ ಬುಸ್ ಅನ್ನುತ್ತೆ” ಎನ್ನುತ್ತಿದ್ದರು.

ಈ ಸಲ ಶಾಲೆಯಲ್ಲೇ ವಿಜ್ಞಾನ ವಸ್ತುಪ್ರದರ್ಶನ. ಮೇಷ್ಟ್ರು ಹಟ ಹಿಡಿದು ಗಾಜಿನ ತೊಟ್ಟಿಯಲ್ಲಿ ಸಿಮೆಂಟಿನ ದಿಬ್ಬ ಕೂರಿಸಿ, ಕೂಲರಿನ ಪಂಪು ಹಚ್ಚಿ ನೀರು ಓಡಿಸಿದರು. ಒಮ್ಮೆಯಾದರೂ ಮಕ್ಕಳ ಕಣ್ಣಿಗೆ ಆ ಹರಿವು ಕಾಣಬೇಕು, ಅಷ್ಟೇ ಅವರ ಆಸೆ. ಹತ್ತನೇ ಕ್ಲಾಸಿನ ಮಾನಸಾ ಗಾಜಿಗೆ ಮೂಗೊತ್ತಿ ನೋಡಿದಳು.

“ಏನೂ ಕಾಣಾಕಿಲ್ಲ ಸಾ. ನೀರು ಸುಮ್ನೆ ನಿಂತಂಗೈತೆ.”

“ನಿಂತಿಲ್ಲ ಕಣಮ್ಮ, ಓಡ್ತಾ ಇದೆ!” ಮೇಷ್ಟ್ರಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮರಳು ಹಾಕಿದರು, ತಳಕ್ಕೆ ಕೂತಿತು. ಕಾಗದದ ಚೂರು ಹಾಕಿದರು, ಮೇಲೇ ತೇಲಿತು. ತೀರ್ಪುಗಾರರು ಆಗಲೇ ಎರಡು ಮೇಜಿನಾಚೆ ಇದ್ದರು.

ಅಷ್ಟರಲ್ಲಿ ಬಿಸಿಯೂಟದ ಅಡುಗೆಯ ಮುದ್ದಮ್ಮ ಮಕ್ಕಳಿಗೆ ಕೊಡುವ ಹಾಲು ತುಂಬಿದ ಚೆಂಬು ಹಿಡಿದು ಬಂದಳು. ಗಾಜಿನೊಳಗಿನ ದಿಬ್ಬ ಅವಳಿಗೆ ಥೇಟ್ ಹುತ್ತದಂತೆ ಕಂಡಿತು; ನೋಡಿದ್ದೇ ಚಪ್ಪಲಿ ಬಿಟ್ಟಳು. ಕೈ ಎಟುಕಿದ್ದು ಪಂಪಿನ ಬದಿಗೆ. ಅಲ್ಲೇ ಹಾಲು ಸುರಿದುಬಿಟ್ಟಳು.

“ಅಯ್ಯೋ, ಏನಮ್ಮಾ ಇದು! ಎಲ್ಲಾ ಹಾಳು ಮಾಡಿಬಿಟ್ಯಲ್ಲ!”

“ಉತ್ತ ಕಂಡ್ರೆ ತನಿ ಎರೀದೆ ಓಗಾದಾ ಸಾ? ನಾಗಪ್ಪ ಮುನುಸ್ಕೊಳಾಕಿಲ್ವಾ?”

ಮೇಷ್ಟ್ರು ಸಿಟ್ಟಿನಲ್ಲಿ ಪಂಪು ನಿಲ್ಲಿಸಲು ಕೈ ಚಾಚಿದರು.

“ತಾಳಿ ಸಾ!” ಮಾನಸಾ ಕೂಗಿದಳು.

ಹಾಲಿನ ಎಳೆಗಳು ದಿಬ್ಬಕ್ಕೆ ಬಡಿದು, ಮೇಲೇರಿ, ನೆತ್ತಿಯ ಮೇಲೆ ಒತ್ತೊತ್ತಾಗಿ ಓಡಿ, ಹಿಂಬದಿಯಲ್ಲಿ ಸುಳಿ ತಿರುಗಿದವು.

“ನೆತ್ತಿ ಮ್ಯಾಲೆ ಎಂಗೆ ಓಡ್ತೈತೆ ನೋಡಿ! ಊಟ ಅಲ್ಲೇ ಜಾಸ್ತಿ ಸಿಗ್ತದಲ್ವಾ ಸಾ? ಅದ್ಕೇ ಹವಳ ಅಲ್ಲೇ ಬೆಳೆಯಾದು!”

ಮೇಷ್ಟ್ರು ಪಂಪಿನತ್ತ ಚಾಚಿದ ಕೈ ಹಿಂದಕ್ಕೆಳೆದು, ತಾವೂ ಗಾಜಿನತ್ತ ಬಗ್ಗಿದರು.

ತೀರ್ಪುಗಾರರು ಬರುವ ಹೊತ್ತಿಗೆ ನೀರೆಲ್ಲ ಬೆಳ್ಳಗೆ ಕದಡಿ, ದಿಬ್ಬವೇ ಕಾಣದಂತಾಗಿತ್ತು. “ಇದೇನ್ರೀ, ಮಜ್ಜಿಗೆಯಾ?” ಎಂದು ನಕ್ಕು ಅವರು ಮುಂದಿನ ಮೇಜಿಗೆ ನಡೆದರು. ಅಲ್ಲಿ ಜ್ವಾಲಾಮುಖಿ ಬುಸ್ ಅಂದಿತು, ಚಪ್ಪಾಳೆ ಬಿತ್ತು.

ಮೇಷ್ಟ್ರು ಸಿಡಿಮಿಡಿಗುಟ್ಟುತ್ತಲೇ ಅಂಗಿಯ ತೋಳು ಮಡಿಸಿ ತೊಟ್ಟಿ ಬರಿದು ಮಾಡಿ, ಹೊಸ ನೀರು ತುಂಬಿದರು. ಉಳಿದ ಮಕ್ಕಳನ್ನೆಲ್ಲ ಕರೆದು ತರಲು ಮಾನಸಾಳನ್ನು ಓಡಿಸಿದರು. ಆಮೇಲೆ ಗಂಟು ಮುಖದಲ್ಲೇ ಮುದ್ದಮ್ಮನ ಕಡೆ ತಿರುಗಿದರು.

“ಇನ್ನೊಂದು ಲೋಟ ಹಾಲಿದೆಯೇನಮ್ಮ? ಈ ಸಲ ನಿಧಾನಕ್ಕೆ ಎರಿ.”