ದೋಣಿ ಹತ್ತಿದ ಮುದುಕಿ

ಅಳಿಯುತ್ತಿರುವ ಕಲೆಗಳ ಮೇಳಕ್ಕೆ ಹದಿನಾಲ್ಕು ದೇಶದವರು ಕೊರಿಯಾದ ಮೊಕ್‌ಪೊ ಬಂದರಿಗೆ ಬಂದಿದ್ದರು. ಊರಿನ ಗೊಂಬೆಯಾಟ ಬಲ್ಲವಳು ಎಪ್ಪತ್ತೊಂದರ ಮಾಲ್‌ಸುಕ್ ಒಬ್ಬಳೇ. ಅಪ್ಪನ ಆಟಕ್ಕೆ ಎಂಟು ಅಂಕ. ಅವಳಿಗೆ ಏಳು ಬರುತ್ತಿತ್ತು. ಎಂಟನೆಯದನ್ನು ಅಪ್ಪ ಸಾವಿನ ಮನೆಗಳಲ್ಲಿ ಮಾತ್ರ ಆಡಿಸುತ್ತಿದ್ದ, ಮಗಳನ್ನು ಅಲ್ಲಿಗೆ ಕರೆದೊಯ್ಯುತ್ತಿರಲಿಲ್ಲ.

ಎಷ್ಟೋ ವರ್ಷಗಳ ಹಿಂದೆ ಅವನು ಹಾಸಿಗೆ ಹಿಡಿದಾಗ ಕಾಲೇಜು ಹುಡುಗಿಯೊಬ್ಬಳು ಟೇಪ್ ರೆಕಾರ್ಡರ್ ಹಿಡಿದು ಬಂದಳು. ಆಟವೆಲ್ಲ ಟೇಪಿಗೆ ಹೋದರೆ ನಾಳೆ ತನ್ನನ್ನು ಯಾರು ಕರೆದಾರು ಎಂದು ಮಾಲ್‌ಸುಕ್ ಹೆದರಿದಳು.

"ಅಪ್ಪ ಮಲಗಿದಾರೆ," ಎಂದು ಬಾಗಿಲಿಂದಲೇ ಕಳಿಸಿದಳು.

"ಯಾರಮ್ಮ ಬಂದಿದ್ದು?" ಒಳಗಿಂದ ಅಪ್ಪ ಕೇಳಿದ.

"ಗ್ಯಾಸಿನವನಪ್ಪ."

ಆ ಎಂಟನೇ ಅಂಕವನ್ನು ಅಪ್ಪನಿಂದ ತಾನೇ ನಿಧಾನಕ್ಕೆ ಕಲಿತರಾಯಿತು ಅಂದುಕೊಂಡಿದ್ದಳು. ಹತ್ತೇ ದಿನಕ್ಕೆ ಅಪ್ಪ ತೀರಿಕೊಂಡ.

ಮೇಳದಲ್ಲಿ ಏಳನೇ ಅಂಕದ ಕೊನೆಗೆ ಮುದುಕಿ ಗೊಂಬೆ ದೋಣಿ ಹತ್ತಿತು. ಆಚೆ ದಡದಲ್ಲಿ ಕಾದಿರುವ ಗಂಡನಿಗೆ ಎಂಟನೇ ಅಂಕದಲ್ಲಿ ಅದು ಏನು ಹೇಳಬೇಕೋ ಮಾಲ್‌ಸುಕ್‌ಗೆ ಗೊತ್ತಿರಲಿಲ್ಲ. ಅವಳು ಸುಮ್ಮನೆ ನಿಂತಳು. ಆಟ ಮುಗಿಯಿತೆಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆಯ ಹಿಂದೆ ಜಾವಾದ ಹಿರಿಯ ಗೊಂಬೆಯಾಟಗಾರ್ತಿ ಅವಳ ಕೈ ಹಿಡಿದು, ದುಭಾಷಿಯ ಮೂಲಕ, "ಮಾತೇ ಇಲ್ದೆ ಎಷ್ಟು ಚೆನ್ನಾಗಿ ಮುಗಿಸಿದ್ರಿ," ಎಂದಳು.

"ಮಾತಿತ್ತು ಅಕ್ಕಾ," ಎಂದಳು ಮಾಲ್‌ಸುಕ್. "ನಾನೇ ಉಳಿಸಿಕೊಳ್ಳಲಿಲ್ಲ."