ರೋಬೋಟಿಗೆ ಇಟ್ಟ ಕುಂಕುಮ

ಸುಜಾತಾ, ನಿನ್ನ ರೋಬೋಟನ್ನು ಕೆಡಿಸಿದವನು ನಾನು. ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ. ಇಷ್ಟು ಹೇಳಲು ಈ ನಿನ್ನ ಅಪ್ಪನಿಗೆ ಇಷ್ಟು ವರ್ಷ ಬೇಕಾಯಿತಲ್ಲ— ಥೂ, ನನ್ನ ಜಂಬಕ್ಕೆ ಬೆಂಕಿ ಬೀಳಲಿ.

ಆದರೆ ಜಂಬಪಡದೆ ಇರುವುದಾದರೂ ಹೇಗಿತ್ತು ಹೇಳು! ಒಂಬತ್ತನೇ ತರಗತಿಯ ಹುಡುಗಿ ನೀನು. ಹಳೆಯ ಟಿಫಿನ್ ಡಬ್ಬಿಗೆ, ಕೆಟ್ಟುಹೋದ ಆಟದ ಕಾರಿನ ಎರಡು ಮೋಟಾರು ಕಟ್ಟಿದ್ದೆ. ಮುಂದುಗಡೆ ಬೆಳಕು ಗುರುತಿಸುವ ಎರಡು ಪುಟ್ಟ ಸೆನ್ಸರ್. ಅಕ್ಕಪಕ್ಕದ ಬೆಳಕು ತಾಗದಿರಲಿ ಎಂದು ಅವಕ್ಕೆ ಜ್ಯೂಸ್ ಕುಡಿಯುವ ಕಪ್ಪು ಸ್ಟ್ರಾದ ತುಂಡು ತೊಡಿಸಿದ್ದೆ. ಟಾರ್ಚ್ ಹಿಡಿದರೆ ಸಾಕು, ಆ ಕಡೆಗೇ ಹೊರಳಿ ಓಡಿ ಬರುತ್ತಿತ್ತು. ಗಣಿಯ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನನಗೇ ಹೊಳೆಯದ ಕೆಲಸ ಅದು. ಯಶವಂತನಗರದಲ್ಲಿ ನಾನು ಹೇಳಿಕೊಳ್ಳದ ಮನೆ ಇರಲಿಲ್ಲ.

"ಹೊಸಪೇಟಿ ಸೈನ್ಸ್ ಎಕ್ಸಿಬಿಷನ್ ಮುಗಿಯೋತನಕ ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಎಲ್ಲರಿಗೂ ತಾಕೀತು ಮಾಡಿ, ದಸರಾ ಸೂಟಿಗೆ ನೀನು ದರೋಜಿಯ ಅಜ್ಜಿ ಮನೆಗೆ ಹೋದೆ. ಆಯುಧಪೂಜೆ ಬಂತು. ವರ್ಕ್‌ಶಾಪಿನಲ್ಲಿ ಸ್ಪ್ಯಾನರು, ಡ್ರಿಲ್ಲು ಎಲ್ಲ ಸಾಲಾಗಿ ಪೂಜೆಗೆ ಕೂತಿದ್ದವು. ಅವುಗಳ ನಡುವೆ ನನ್ನ ಮಗಳು ಮಾಡಿದ್ದು ಇಲ್ಲದಿದ್ದರೆ ಹೇಗೆ? ಒಯ್ದು ಇಟ್ಟೇಬಿಟ್ಟೆ. ವಿಭೂತಿ ಎಳೆದೆ, ಮುಂಭಾಗದ ತುಂಬ ಕುಂಕುಮ ಹಾಕಿದೆ— ಧಾರಾಳವಾಗಿ, ಎಲ್ಲರಿಗೂ ಕಾಣಲಿ ಅಂತ. "ಭಾಳ ಶ್ಯಾಣ್ಯಾಕಿ ಬಿಡ್ರಿ ನಿಮ್ಮ ಮಗಳು" ಎಂದು ಫೋರ್‌ಮನ್ ಅಂದಾಗ ಉಬ್ಬಿಹೋದೆ. ಮನೆಗೆ ತಂದು ಒದ್ದೆ ಬಟ್ಟೆಯಿಂದ ಒರೆಸಿ, ಇದ್ದಲ್ಲೇ ಇಟ್ಟೆ.

ಅಜ್ಜಿ ಮನೆಯಿಂದ ಬಂದ ಮೇಲೆ, ಬ್ಯಾಟರಿ ಇಳಿಯುತ್ತದೆಂದು ನೀನು ಮತ್ತೆ ಓಡಿಸಿ ನೋಡಲಿಲ್ಲ. ಹೊಸಪೇಟೆಯಲ್ಲಿ ತೀರ್ಪುಗಾರರು ಟಾರ್ಚ್ ಹಿಡಿದರೆ ಅದು ನಿಂತಲ್ಲೇ ಗಿರಗಿರ ಸುತ್ತಿತು. ಸುತ್ತಲಿದ್ದವರು ನಕ್ಕರು. ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಕೇಳಿದೆ—

"ಅಪ್ಪಾ, ಇದನ್ನ ಯಾರಾರ ಮುಟ್ಟಿದ್ರೇನು?"

"ಯಾರು ಮುಟ್ತಾರವ್ವಾ? ನಿನ್ನ ಸೋಲ್ಡರಿಂಗೇ ಸರಿ ಇಲ್ಲ ನೋಡು."

ಏನು ಕೆಟ್ಟಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ, ನಿಜ. ಮುಟ್ಟಿದ್ದು ಗೊತ್ತಿತ್ತಲ್ಲ!

ಮನೆಗೆ ಬಂದವಳೇ ನೀನು ಸ್ಟ್ರಾಗಳನ್ನು ಕಿತ್ತೆಸೆದು, ಅಳುತ್ತಾ ಬೆಸೆದ ಜಾಯಿಂಟುಗಳನ್ನೆಲ್ಲ ಬಿಚ್ಚಲು ಕೂತೆ. ನಾನು ಒಂದು ಸ್ಟ್ರಾ ಎತ್ತಿಕೊಂಡು ಅಂಗೈ ಮೇಲೆ ತಟ್ಟಿದೆ. ಕೆಂಪು ಪುಡಿ ಉದುರಿತು. ಅದಿರಿನ ಧೂಳು ಯಾವುದು, ಕುಂಕುಮ ಯಾವುದು ಎಂದು ತಿಳಿಯದವನೇ ನಾನು? ನಾನಿಟ್ಟ ಕುಂಕುಮ ಒಳಗಿಳಿದು ಒಂದು ಸೆನ್ಸರಿನ ಕಣ್ಣಿಗೆ ಬೆಳಕೇ ಬಿದ್ದಿರಲಿಲ್ಲ. ಆಗಲೇ ಹೇಳಿದ್ದರೆ ನಿನ್ನ ಸರ್ಕ್ಯೂಟ್ ಬೋರ್ಡು ಉಳಿಯುತ್ತಿತ್ತು. ಆದರೆ ಊರೆಲ್ಲ ಮೆರೆಸಿದವನು, ನಾನೇ ಕೆಡಿಸಿದೆ ಎಂದು ಹೇಗೆ... ಕೈ ತೊಳೆದುಕೊಂಡೆ. ನೀನು ಬೆಸೆದು ಬೆಸೆದು ಬೋರ್ಡು ಸುಟ್ಟುಹೋಯಿತು.

ಈಗ ನೀನು ಐಟಿಐಯಲ್ಲಿ ಪಾಠ ಹೇಳುವ ಮೇಡಂ. "ಸುಜಾತಾ ಮೇಡಂ ಅಪ್ಪಾರಲ್ರೀ ನೀವು?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ ಈಗಲೂ ಎದೆ ಸೆಟೆಸಿ ನಿಲ್ಲುತ್ತೇನೆ. ಆ ಹೆಮ್ಮೆಯನ್ನು ಬಿಡಲಾರೆ, ಬಿಡುವುದೂ ಇಲ್ಲ. ಆದರೆ ಮೊನ್ನೆ ಊಟದ ಡಬ್ಬಿ ಕೊಡಲು ಬಂದವನು ನಿನ್ನ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ: "ನನ್ನ ಮೊದಲ್ನೇ ರೋಬೋಟು ನನ್ನ ಕೆಟ್ಟ ಸೋಲ್ಡರಿಂಗಿನಿಂದಾನ ಹಾಳಾತು. ನೀವು ಹಂಗ ಮಾಡಬ್ಯಾಡ್ರಿ." ಹುಡುಗರು ನಕ್ಕರು, ನೀನೂ ನಕ್ಕೆ. ಆಮೇಲೆ ನೀನೇ ಮಾಡಿದ ಜಾಯಿಂಟನ್ನು ನಂಬದೆ, ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ನೋಡಿದೆ. ಆ ಅನುಮಾನ ನಾನು ಕೊಟ್ಟದ್ದು, ಮಗಳೇ.

ಸೋಮವಾರ ನಿನ್ನ ಕ್ಲಾಸಿಗೆ ಬರುತ್ತೇನೆ. ಆ ಹುಡುಗರೆದುರು ನಿಂತು, ನಿಮ್ಮ ಮೇಡಂ ಕೈಯಲ್ಲಿ ಅವತ್ತೂ ತಪ್ಪಿರಲಿಲ್ಲ, ಸುಳ್ಳು ಹೇಳಿದವನು ನಾನು ಎನ್ನುತ್ತೇನೆ. ನಗುವುದಾದರೆ ನನ್ನನ್ನು ನೋಡಿ ನಗಲಿ.