ಪಿಳ್ಳಪ್ಪ ಬರೆದ ಹನ್ನೊಂದು

ಜಯನಗರದ ಕಾತ್ಯಾಯಿನಿಯ ಲೆಕ್ಕ ತಪ್ಪಿದ್ದನ್ನು ಕಂಡವರೇ ಇರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಬೀದಿಯ ಮಕ್ಕಳೆಲ್ಲ ಅವಳ ಮನೆಯಲ್ಲೇ ಠಿಕಾಣಿ ಹೂಡುತ್ತಿದ್ದರು. ಅಂಥವಳು ಒಮ್ಮೆ ತಪ್ಪಿದಳು. ತಪ್ಪು ಅವಳದು, ಪೆಟ್ಟು ತಿಂದವನು ಇನ್ನೊಬ್ಬ.

ಅವಳಿದ್ದ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಯೊಳಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು, ವಿದ್ಯುತ್ ಹಾಯಿಸಿ, ಅದು ಮಂಕು ನೀಲಿಯಾಗಿ ಬೆಳಗುವಂತೆ ಮಾಡುತ್ತಿದ್ದರು. ಆಗ ಅನಿಲ ಒಡೆದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ನೂರಕ್ಕೆ ಎಷ್ಟು ಪಾಲು ಆಯಿತೆಂದು ಮೀಟರ್ ನೋಡಿ ಬರೆಯುವವನು ತಾವರೆಕೆರೆಯ ಪಿಳ್ಳಪ್ಪ. ಎಷ್ಟು ಆಗಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವಳು ಕಾತ್ಯಾಯಿನಿ.

ಕೊಳವೆಯೊಳಗೆ ನಡೆಯುವ ಕ್ರಿಯೆಗಳು ನೂರಾ ಅರವತ್ತು. ೧೯೮೧ರ ಆ ಕಂಪ್ಯೂಟರಿಗೆ ಅಷ್ಟನ್ನೂ ಕೊಟ್ಟರೆ ಮೊದಲ ಗಳಿಗೆಯ ಲೆಕ್ಕಕ್ಕೇ ಏದುಸಿರು. ಇಪ್ಪತ್ತಕ್ಕೆ ಇಳಿಸಿ ಎಂದರು ಮುಖ್ಯಸ್ಥ ಜಯದೇವಪ್ಪ. ಕಂಪ್ಯೂಟರಿಗೆ ಉಣಿಸುವ ಕಾರ್ಡುಗಳಲ್ಲಿ ಅವಳು ಒಂದು ಕ್ರಿಯೆಯ ಕಾರ್ಡು ತೆಗೆದು ಆ ಮೊದಲ ಗಳಿಗೆಯ ಲೆಕ್ಕವನ್ನಷ್ಟೇ ಓಡಿಸುವಳು. ಉತ್ತರ ಕದಲದಿದ್ದರೆ ಅದಕ್ಕೆ ಕೆಂಪು ಗುರುತು ಹಾಕಿ, ವಾಪಸು ಸೇರಿಸಿ, ಮುಂದಿನದನ್ನು ತೆಗೆಯುವಳು. ಆರು ತಿಂಗಳು ಇದೇ ಕೆಲಸ. ಕೊನೆಗೆ ಕೆಂಪು ಗುರುತಿನವನ್ನೆಲ್ಲ ಒಟ್ಟಿಗೆ ಕಿತ್ತುಹಾಕಿದಳು. ಕಿತ್ತ ಮೇಲೆ ಹಳೆಯ ಉತ್ತರದೊಡನೆ ಒಮ್ಮೆ ತಾಳೆ ನೋಡಬೇಕಿತ್ತು. ಮರುದಿನ ಗೌರಿ ಹಬ್ಬ. ಒಂದೊಂದನ್ನೂ ನೋಡಿದ್ದೇನಲ್ಲ, ಇನ್ನೇನು ನೋಡುವುದು ಎಂದುಕೊಂಡು ಮನೆಗೆ ಹೋದಳು. ಅಯ್ಯೋ ಪುಣ್ಯಾತ್ಗಿತ್ತಿ, ಇನ್ನೊಂದು ಗಂಟೆ ಕೂತಿದ್ದರೆ ಗಂಟೇನು ಹೋಗುತ್ತಿತ್ತು!

ಮನೆಗೆ ಮುಂಬಾಗಿಲೂ ಹಿತ್ತಿಲ ಬಾಗಿಲೂ ಇದ್ದಾಗ ಒಂದನ್ನು ಮುಚ್ಚಿದರೆ ಜನ ಇನ್ನೊಂದರಿಂದ ಓಡಾಡುತ್ತಾರೆ, ತೊಂದರೆಯೇ ಕಾಣುವುದಿಲ್ಲ. ಅನಿಲ ಒಡೆಯಲೂ ಅಂಥ ಎರಡು ದಾರಿಗಳಿದ್ದವು. ಅವಳು ಎರಡನ್ನೂ ಮುಚ್ಚಿಬಿಟ್ಟಿದ್ದಳು.

ಅವಳ ಲೆಕ್ಕಕ್ಕೆ ನಾಲ್ಕು ಬಂತು, ಪಿಳ್ಳಪ್ಪನ ಮೀಟರಿಗೆ ಹನ್ನೊಂದು. ಮೂರು ಸಲ ನೋಡಿ ಬರೆದೆನೆಂದು ಆತ ಅಂಗಲಾಚಿದ. ಎಲ್ಲರೆದುರು ಕಾತ್ಯಾಯಿನಿ ಹೇಳಿದಳು:

“ಕಂಪ್ಯೂಟರ್ ಸುಳ್ಳು ಹೇಳಲ್ಲ, ಪಿಳ್ಳಪ್ಪನವರೇ.”

ಅಂಕಿ ಕಟ್ಟಿ ಬರೆದಿದ್ದಾನೆಂಬ ಮಾತು ಹಬ್ಬಿತು. ಹನ್ನೊಂದು ವರ್ಷ ಕೊಳವೆಯ ಮುಂದೆ ಕೂತವನನ್ನು ಉಗ್ರಾಣಕ್ಕೆ ಹಾಕಿದರು.

ಮೂರು ವರ್ಷದ ಮೇಲೆ ದೊಡ್ಡ ಕಂಪ್ಯೂಟರು ಬಂತು. ನೋಡೋಣ ಎಂದು ಕಾತ್ಯಾಯಿನಿ ಹಳೆಯ ನೂರಾ ಅರವತ್ತನ್ನೂ ಕೊನೆಯವರೆಗೆ ಓಡಿಸಿದಳು. ಬಂದ ಉತ್ತರ ಹನ್ನೊಂದು. ಜಯದೇವಪ್ಪನವರಿಗೆ ಹೇಳಿದರೆ, ನಾಲ್ಕೆಂದು ನಾವು ಬರೆದ ಲೇಖನ ಅಚ್ಚಾಗಿಹೋಗಿದೆ, ಬರುವ ತಿಂಗಳು ನಿಮ್ಮ ಬಡ್ತಿಯ ಸಂದರ್ಶನವಿದೆ, ಸುಮ್ಮನಿರಿ ಎಂದರು. ಎಂಟು ದಿನ ಸುಮ್ಮನಿದ್ದಳು. ಭಾನುವಾರ ಬಸ್ಸು ಹತ್ತಿ ತಾವರೆಕೆರೆಗೆ ಹೋದಳು.

ಪಿಳ್ಳಪ್ಪ ದಪ್ಪ ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕೂತಿದ್ದ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಆತ ಕನ್ನಡಕ ಮುಟ್ಟಿ ತೋರಿಸಿದ.

“ನಾನು ಸುಳ್ಳು ಬರ್ದಿಲ್ಲ ಅಂತ ನಂಗೆ ಗೊತ್ತಿತ್ತು ಮೇಡಂ. ಕಣ್ಣೇ ಮೋಸ ಮಾಡ್ತೇನೋ ಅಂದ್ಕೊಂಡು ಇದನ್ನ ಹಾಕಿಸ್ಕೊಂಡೆ.”

ಅದನ್ನು ಹಾಕಿದರೆ ತಲೆ ಸಿಡಿಯುತ್ತದೆ, ಕಣ್ಣು ಸರಿಯಾಗಿದೆ, ಬೇಡ ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ ಎಂದು ಹೆಂಡತಿ ಮುನಿಲಕ್ಷ್ಮಮ್ಮ ಬಾಗಿಲಿಂದ ಹೇಳಿದಳು. ಕಾತ್ಯಾಯಿನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕ್ಷಮಿಸಿ ಎಂದಳು. ಪಿಳ್ಳಪ್ಪ ಕೇಳಿದ:

“ಈಗ ಹೇಳಿದ್ದನ್ನ ಬರ್ದು ಕೊಡ್ತೀರಾ?”

ಅವಳು ಕ್ಷಮೆ ಕೇಳಲು ಸಿದ್ಧವಾಗಿ ಬಂದಿದ್ದಳೇ ಹೊರತು ಇದಕ್ಕಲ್ಲ. ಸಂದರ್ಶನ ನೆನಪಾಯಿತು. ಆದರೂ ಚೀಲದಿಂದ ಪೆನ್ನು ತೆಗೆದಳು. ಜಗಲಿಯ ಮೇಲೆ ಕೂತು ಸಂಸ್ಥೆಯ ನಿರ್ದೇಶಕರ ಹೆಸರಿಗೆ ಎಲ್ಲವನ್ನೂ ಬರೆದಳು, ಕೆಳಗೆ ಸಹಿ ಹಾಕಿದಳು.

ಪಿಳ್ಳಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಕಾಗದವನ್ನು ಮೊದಲಿಂದ ಕೊನೆಯವರೆಗೆ ತಡವರಿಸದೆ ಓದಿದ.